ಅಂಕಿಗಳ ಮೇಲಣ ಮಮಕಾರ

ಮನುಷ್ಯನು ಹೊನ್ನು ಮಣ್ಣುಗಳ ಮೇಲೆ ಮಾತ್ರ ಮಮಕಾರವನ್ನು ಬೆಳೆಸಿಕೊಳ್ಳುವವನಲ್ಲ. ತಾನು ಗಳಿಸದ, ಕೈಯಿಂದ ಮುಟ್ಟಲು ಬಾರದ ಸಂಗತಿಗಳನ್ನೂ ಅವನು ತನ್ನವೆಂದು ಭಾವಿಸುತ್ತಾನೆ. ಮೆಚ್ಚಿದ ವ್ಯಕ್ತಿಯ ಕೀರ್ತಿ ಅಂಥದೊಂದು ಆಸ್ತಿ. ಆ ಕೀರ್ತಿಯನ್ನು ಮತ್ತೊಬ್ಬನು ಮೀರಿಸುವನೆಂಬ ಸೂಚನೆ ದೊರೆತೊಡನೆ, ಸ್ವಂತ ಮನೆಗೇ ಕನ್ನ ಬಿದ್ದಿತೆಂಬಂತೆ ಕಳವಳಗೊಳ್ಳುವವರುಂಟು. ಅಮೆರಿಕದ ಬೇಸ್‌ಬಾಲ್ ಕ್ರೀಡೆಯ ಇತಿಹಾಸವು ಈ ಮನೋಧರ್ಮಕ್ಕೆ ಒಂದು ವಿಶಿಷ್ಟ ನಿದರ್ಶನ. ಅಲ್ಲಿ ದಶಕಗಳ ಕಾಲ ನಿಂತಿದ್ದ ದಾಖಲೆಗಳು ಮುರಿದಾಗಲೆಲ್ಲ ಅಭಿಮಾನಿಗಳು ಹರ್ಷಿಸಿದ್ದಾರೆ, ಖಿನ್ನರಾಗಿದ್ದಾರೆ, ಒಮ್ಮೆಯಂತೂ ಕೊಲೆಯ ಬೆದರಿಕೆಯನ್ನೇ ಒಡ್ಡಿದ್ದಾರೆ. ಈ ಭಾವನೆಗಳಲ್ಲಿ ನ್ಯಾಯವಾದುದು ಯಾವುದು, ಬರಿಯ ಮೋಹ ಯಾವುದು ಎಂಬುದನ್ನು ವಿಂಗಡಿಸಿ ನೋಡುವುದು ಕ್ರೀಡಾಸಕ್ತಿ ಇಲ್ಲದವರಿಗೂ ಬೋಧಪ್ರದವಾದ ವಿಷಯ.

ಅಂಕಿಗಳ ಆಟ

ಬೇಸ್‌ಬಾಲ್ ಕ್ರಿಕೆಟ್ಟಿನ ದೂರದ ಬಂಧು. ಎಸೆತಗಾರನು ನೆಲಕ್ಕೆ ತಾಗಿಸದೆ ಎಸೆದ ಚೆಂಡನ್ನು ದಾಂಡಿಗನು ದುಂಡನೆಯ ದಾಂಡಿನಿಂದ ಹೊಡೆಯುತ್ತಾನೆ. ಚೌಕಾಕಾರವಾಗಿ ಇರಿಸಿದ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ ಲಭಿಸುತ್ತದೆ. ಚೆಂಡನ್ನು ಮೈದಾನದ ಬೇಲಿಯಾಚೆ ಹಾರಿಸಿದರೆ ಅದು ‘ಹೋಮ್‌ರನ್’. ಕ್ರಿಕೆಟ್ಟಿನ ಸಿಕ್ಸರಿಗೆ ಇದನ್ನು ಹೋಲಿಸಬಹುದಾದರೂ ಇದರ ಬೆಲೆ ಹೆಚ್ಚಿನದು. ಆರೇಳು ತಿಂಗಳು ನಡೆಯುವ ಒಂದು ಋತುವಿನಲ್ಲಿ ಪ್ರತಿ ತಂಡವೂ ನೂರೈವತ್ತಕ್ಕಿಂತ ಹೆಚ್ಚು ಪಂದ್ಯಗಳನ್ನಾಡಿದರೂ, ಮೂವತ್ತು ಹೋಮ್‌ರನ್ ಹೊಡೆದವನು ಅಲ್ಲಿ ಬಲಶಾಲಿ ದಾಂಡಿಗನೆಂದೇ ಪರಿಗಣಿತನಾಗುತ್ತಾನೆ.

ಈ ಕ್ರೀಡೆಯಲ್ಲಿ ಅಂಕಿಗಳಿಗೆ ದೊರೆತ ಗೌರವವು ಅಸಾಧಾರಣವಾದುದು. ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ಪತ್ರಕರ್ತರಾಗಿ ಬಾಳಿದ ಹೆನ್ರಿ ಚಾಡ್ವಿಕ್ (1824–1908) ಅವರು ಪಂದ್ಯವೊಂದರ ಸಾರವನ್ನು ಪುಟ್ಟ ಕೋಷ್ಟಕದಲ್ಲಿ ಹಿಡಿದಿಡುವ ಪದ್ಧತಿಯನ್ನು ರೂಢಿಗೆ ತಂದರು. ಪ್ರತಿಯೊಂದು ಎಸೆತವೂ ಇಬ್ಬರ ನಡುವಿನ ದ್ವಂದ್ವವಾದ್ದರಿಂದ ಯಾರ ಪಾಲಿನ ಯಶಸ್ಸು ಎಷ್ಟೆಂಬುದನ್ನು ಬಿಡಿಸಿ ಬರೆದಿಡುವುದು ಸಾಧ್ಯವಾಯಿತು. ಬೆಳಗಿನ ಪತ್ರಿಕೆಯಲ್ಲಿ ಅಚ್ಚಾದ ಈ ಕೋಷ್ಟಕಗಳನ್ನು ಓದಿಯೇ ಹಲವು ತಲೆಮಾರುಗಳ ಬಾಲಕರು ಬೆಳೆದರು. ಅಜ್ಜನು ಕಣ್ಣಾರೆ ಕಂಡ ಆಟಗಾರನನ್ನೂ ಮೊಮ್ಮಗನು ಮೆಚ್ಚಿದ ಆಟಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬೊಟ್ಟಾಗಿ ಅಂಕಿಯು ಉಪಯೋಗಕ್ಕೆ ಬಂದಿತು. ಹೀಗೆ ಕೆಲವು ಸಂಖ್ಯೆಗಳು ಮನೆತನದ ಒಡವೆಗಳಂತೆ ಹಿರಿಯರಿಂದ ಕಿರಿಯರಿಗೆ ಸಂದುಬಂದವು. ಅವುಗಳಲ್ಲಿ ಅತ್ಯಂತ ಪ್ರಿಯವಾದವು ಎರಡು: 60 ಮತ್ತು 714. ಎರಡೂ ಬೇಬ್ ರೂತ್ ಅವರವು.

ಅರವತ್ತು ಪವಿತ್ರವಾದ ಬಗೆ

1919ರ ಅಂತಿಮ ಸರಣಿಯಲ್ಲಿ ಚಿಕಾಗೋ ತಂಡದ ಕೆಲವು ಆಟಗಾರರು ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋತರೆಂಬ ಆರೋಪವು ಮರುವರ್ಷ ಬಯಲಾಯಿತು. 1921ರಲ್ಲಿ ಎಂಟು ಮಂದಿ ಆಜೀವ ಬಹಿಷ್ಕೃತರಾದರು. ಜನರ ವಿಶ್ವಾಸ ಕುಸಿದಿದ್ದ ಆ ಕಾಲದಲ್ಲಿ ಬಾಲ್ಟಿಮೋರಿನ ಒಂದು ಕೈಗಾರಿಕಾ ಶಾಲೆಯಲ್ಲಿ ಬೆಳೆದ ರೂತ್ ಅವರು ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೇರಿ ಹಿಂದೆಂದೂ ಕಾಣದ ಬಗೆಯಲ್ಲಿ ಚೆಂಡನ್ನು ಬೇಲಿಯಾಚೆ ಹಾರಿಸತೊಡಗಿದರು. 1920ರಲ್ಲಿ 54, 1921ರಲ್ಲಿ 59, 1927ರಲ್ಲಿ 60 ಹೋಮ್‌ರನ್‌ಗಳು ಅವರಿಂದ ಬಂದವು. 1935ರಲ್ಲಿ ನಿವೃತ್ತರಾದಾಗ ಅವರ ಜೀವಮಾನದ ಮೊತ್ತ 714. 1948ರಲ್ಲಿ ತಮ್ಮ 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಯಾಂಕೀ ಕ್ರೀಡಾಂಗಣದಲ್ಲಿಯೇ ಅವರ ಪಾರ್ಥಿವ ಶರೀರವನ್ನು ಇರಿಸಲಾಯಿತು. ಸಹಸ್ರಾರು ಜನ ಸಾಲಾಗಿ ಬಂದು ಅಂತಿಮ ದರ್ಶನ ಪಡೆದರು.

ರೂತ್ ಅವರೂ ಬೇರೆಯವರ ದಾಖಲೆಗಳನ್ನು ಮುರಿದೇ ಮೇಲೆ ಬಂದವರು ಎಂಬುದು ಇಲ್ಲಿ ಗಮನಾರ್ಹ. 1884ರಿಂದ ನಿಂತಿದ್ದ ನೆಡ್ ವಿಲಿಯಮ್ಸನ್ ಅವರ 27 ಹೋಮ್‌ರನ್‌ಗಳ ದಾಖಲೆಯನ್ನು ಅವರು 1919ರಲ್ಲಿ ಮೀರಿಸಿದರು. ಜೀವಮಾನದ ಹೋಮ್‌ರನ್‌ಗಳಲ್ಲಿ ಅವರಿಗಿಂತ ಮುಂಚೆ ಮೊದಲಿಗರಾಗಿದ್ದವರು 138 ಹೊಡೆದಿದ್ದ ರೋಜರ್ ಕಾನರ್. 1921ರಲ್ಲಿ ರೂತ್ ಆ ಮೊತ್ತವನ್ನು ದಾಟಿದಾಗ ಕಾನರ್ ಇನ್ನೂ ಬದುಕಿದ್ದರು. ಆದರೆ ಯಾರೂ ಶೋಕಿಸಲಿಲ್ಲ, ಸಂಭ್ರಮಿಸಲೂ ಇಲ್ಲ. 1931ರಲ್ಲಿ ನಿಧನರಾದ ಕಾನರ್ ಅವರ ಸಮಾಧಿಯ ಮೇಲೆ ಹೆಸರು ಕೊರೆದ ಕಲ್ಲೂ ಇರಲಿಲ್ಲ. ಸಂಖ್ಯೆಗೆ ತನ್ನಷ್ಟಕ್ಕೆ ಪಾವಿತ್ರ್ಯವಿಲ್ಲ; ಜನರು ಪ್ರೀತಿಯಿಂದ ಪೂಜಿಸಿದಾಗಲೇ ಅದು ಪವಿತ್ರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಗೆದ್ದರೂ ಒಂಟಿಯಾದವರು

ರೂತ್ ಅವರ 60 ಮೂವತ್ತನಾಲ್ಕು ವರ್ಷ ಅಚಲವಾಗಿ ನಿಂತಿತು. 1961ರಲ್ಲಿ ಅದೇ ಯಾಂಕೀಸ್ ತಂಡದ ಇಬ್ಬರು ಅದರ ಸಮೀಪಕ್ಕೆ ಬಂದರು. ಒಬ್ಬರು ಆ ತಂಡದಲ್ಲಿಯೇ ಬೆಳೆದು ನ್ಯೂಯಾರ್ಕಿನ ಕಣ್ಮಣಿಯಾಗಿದ್ದ ಮಿಕಿ ಮ್ಯಾಂಟಲ್. ಇನ್ನೊಬ್ಬರು ಬೇರೆ ತಂಡಗಳಲ್ಲಿ ಆಡಿ ಆಗಷ್ಟೇ ಎರಡನೆಯ ಋತುವನ್ನು ಅಲ್ಲಿ ಕಳೆಯುತ್ತಿದ್ದ, ಮಿತಭಾಷಿಯಾದ ರೋಜರ್ ಮ್ಯಾರಿಸ್. ದಾಖಲೆ ಮುರಿಯಲೇಬೇಕಿದ್ದರೆ ಮ್ಯಾಂಟಲ್ ಮುರಿಯಲಿ ಎಂಬುದು ಬಹುಜನರ ಅಪೇಕ್ಷೆಯಾಗಿತ್ತು. ಮ್ಯಾಂಟಲ್ ಅಸ್ವಸ್ಥರಾಗಿ 54ಕ್ಕೆ ನಿಂತರು. ಮ್ಯಾರಿಸ್ ಒಬ್ಬರೇ ಮುಂದುವರಿದರು.

ಆ ವರ್ಷ ಅಮೆರಿಕನ್ ಲೀಗಿನ ತಂಡಗಳು ಎಂಟರಿಂದ ಹತ್ತಕ್ಕೆ ಏರಿದ್ದವು. ಪ್ರತಿ ತಂಡದ ಪಂದ್ಯಗಳ ಸಂಖ್ಯೆ 154ರಿಂದ 162ಕ್ಕೆ ಹೆಚ್ಚಿತ್ತು. ಕ್ರೀಡೆಯ ಕಮಿಷನರ್ ಆಗಿದ್ದ ಫೋರ್ಡ್ ಫ್ರಿಕ್ ಅವರು ಜುಲೈ 17ರಂದು ಒಂದು ತೀರ್ಪನ್ನು ಹೊರಡಿಸಿದರು. 154 ಪಂದ್ಯಗಳೊಳಗೆ 60ನ್ನು ಮೀರಿದರೆ ಮಾತ್ರ ಹಳೆಯ ದಾಖಲೆ ಮುರಿದಂತೆ. ಆಮೇಲೆ ಮೀರಿದರೆ ದಾಖಲೆಯ ಪುಸ್ತಕದಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಬೇಕು ಎಂಬುದು ಅದರ ತಾತ್ಪರ್ಯ. ಫ್ರಿಕ್ ಅವರು ಹಿಂದೆ ಪತ್ರಕರ್ತರಾಗಿದ್ದಾಗ ರೂತ್ ಅವರ ಹೆಸರಿನಲ್ಲಿ ಲೇಖನಗಳನ್ನು ಬರೆದುಕೊಟ್ಟವರು, ಅವರ ಆಪ್ತರು. ಋತುವಿನ ನಡುವೆ, ಆಟ ನಡೆಯುತ್ತಿರುವಾಗಲೇ ನಿಯಮವನ್ನು ಹೇಳಿದ ನ್ಯಾಯಾಧೀಶರಿಗೆ ವ್ಯಾಜ್ಯದ ಒಂದು ಪಕ್ಷದೊಡನೆ ಹಳೆಯ ಸ್ನೇಹವಿತ್ತು.

ತೀರ್ಪಿನಲ್ಲಿ ತಥ್ಯವೇ ಇರಲಿಲ್ಲವೆಂದು ಹೇಳಲಾಗದು. ಎಂಟು ಪಂದ್ಯ ಹೆಚ್ಚು ಆಡಿದವನಿಗೆ ಅಷ್ಟರಮಟ್ಟಿಗೆ ಹೆಚ್ಚು ಅವಕಾಶ ದೊರೆಯುವುದು ದಿಟ. ಆದರೆ ಕಾಲಕಾಲಕ್ಕೆ ಬದಲಾಗುವ ನೂರು ಅನುಕೂಲ ಪ್ರತಿಕೂಲಗಳಲ್ಲಿ ಇದೊಂದನ್ನೇ ಆರಿಸಿ ತಕ್ಕಡಿಗೆ ಹಾಕಿದ್ದೇಕೆ? ರೂತ್ ಅವರ ಕಾಲದಲ್ಲಿ ಕಪ್ಪು ವರ್ಣದ ಆಟಗಾರರಿಗೆ ಪ್ರಧಾನ ಲೀಗುಗಳಲ್ಲಿ ಪ್ರವೇಶವೇ ಇರಲಿಲ್ಲ. ಆದ್ದರಿಂದ ಅಂದಿನ ಶ್ರೇಷ್ಠ ಎಸೆತಗಾರರಲ್ಲಿ ಅನೇಕರನ್ನು ಅವರು ಆ ಲೀಗುಗಳಲ್ಲಿ ಎದುರಿಸಬೇಕಾಗಲಿಲ್ಲ. ಆ ಅನುಕೂಲಕ್ಕೆ ಯಾವ ಟಿಪ್ಪಣಿಯನ್ನೂ ಯಾರೂ ಬೇಡಲಿಲ್ಲ. ಪ್ರಿಯನಾದವನ ಪಕ್ಷದಲ್ಲಿರುವ ಅನುಕೂಲವು ಕಣ್ಣಿಗೆ ಬೀಳದಿರುವುದು, ಪರನಾದವನ ಅನುಕೂಲವು ಬೆಟ್ಟವಾಗಿ ಕಾಣುವುದು ಮಮಕಾರದ ಮೊದಲ ಲಕ್ಷಣ.

ಮ್ಯಾರಿಸ್ ಅವರು 154 ಪಂದ್ಯಗಳ ಗಡಿಯನ್ನು 59 ಹೋಮ್‌ರನ್‌ಗಳೊಂದಿಗೆ ಮುಟ್ಟಿದರು. ಪ್ರತಿದಿನ ಪತ್ರಕರ್ತರ ಪ್ರಶ್ನೆಗಳ ಮಳೆ, ಪ್ರೇಕ್ಷಕರ ಮೂದಲಿಕೆ. ಮನಃಕ್ಲೇಶದಿಂದ ಅವರ ತಲೆಗೂದಲು ಉದುರತೊಡಗಿತು. ಅಕ್ಟೋಬರ್ 1ರಂದು, ಋತುವಿನ ಕಡೆಯ ಪಂದ್ಯದಲ್ಲಿ, ಅವರು 61ನೆಯದನ್ನು ಹೊಡೆದರು. ಅರವತ್ತು ಸಾವಿರಕ್ಕೂ ಮಿಕ್ಕಿ ಜನ ಹಿಡಿಸುವ ಯಾಂಕೀ ಕ್ರೀಡಾಂಗಣದಲ್ಲಿ ಅಂದು ಇದ್ದವರು 23,154 ಮಂದಿ ಮಾತ್ರ. ದಾಖಲೆಯ ಪುಸ್ತಕಗಳಲ್ಲಿ ನಕ್ಷತ್ರ ಚಿಹ್ನೆಯು ಮುದ್ರಿತವಾಯಿತೆಂದು ಜನ ಇಂದಿಗೂ ನಂಬಿದ್ದಾರೆ. ವಾಸ್ತವದಲ್ಲಿ ಚಿಹ್ನೆ ಅಚ್ಚಾಗಲಿಲ್ಲ. ಎರಡು ಹೆಸರುಗಳು ಎರಡು ಸಾಲುಗಳಲ್ಲಿ ಅಚ್ಚಾದವು. ಆದರೆ ಜನಮಾನಸದಲ್ಲಿ ಚಿಹ್ನೆ ಬಿದ್ದೇಬಿಟ್ಟಿತ್ತು. 1985ರ ಡಿಸೆಂಬರಿನಲ್ಲಿ, 51ನೆಯ ವಯಸ್ಸಿನಲ್ಲಿ, ಮ್ಯಾರಿಸ್ ಅರ್ಬುದ ರೋಗದಿಂದ ಗತಿಸಿದರು. 1991ರಲ್ಲಿ, ಫೇ ವಿನ್ಸೆಂಟ್ ಅವರು ಕಮಿಷನರ್ ಆಗಿದ್ದಾಗ, ಒಂದು ಸಮಿತಿಯು ಎರಡು ಸಾಲುಗಳ ವ್ಯವಸ್ಥೆಯನ್ನು ತೆಗೆದುಹಾಕಿತು. ದಾಖಲೆಯು ಅವರದೊಬ್ಬರದೇ ಎಂದು ಘೋಷಿತವಾದುದನ್ನು ಕೇಳಲು ಅದರ ಒಡೆಯರು ಉಳಿದಿರಲಿಲ್ಲ.

ಮಮಕಾರವು ದ್ವೇಷವಾದಾಗ

ಮ್ಯಾರಿಸ್ ಅವರನ್ನು ಕಾಡಿದ್ದು ತಾತ್ಸಾರ. ಹ್ಯಾಂಕ್ ಆರನ್ ಅವರನ್ನು ಕಾಡಿದ್ದು ಕ್ರೌರ್ಯ. 1934ರಲ್ಲಿ ಅಲಬಾಮಾ ಪ್ರಾಂತದ ಮೊಬೀಲ್ ನಗರದಲ್ಲಿ ಜನಿಸಿದ ಆರನ್, ಕಪ್ಪು ಆಟಗಾರರ ಪ್ರತ್ಯೇಕ ಲೀಗಿನಲ್ಲಿ ಕೆಲಕಾಲ ಆಡಿ, 1954ರಲ್ಲಿ ಪ್ರಧಾನ ಲೀಗನ್ನು ಪ್ರವೇಶಿಸಿದರು. ಒಂದೇ ಋತುವಿನಲ್ಲಿ 50 ಹೋಮ್‌ರನ್ ಅವರು ಎಂದೂ ಹೊಡೆದವರಲ್ಲ. ವರ್ಷವರ್ಷವೂ ಅಬ್ಬರವಿಲ್ಲದೆ ಮೂವತ್ತು, ನಲವತ್ತು ಎಂದು ಕೂಡಿಸುತ್ತ ಹೋದವರು. 1973ರ ಋತು ಮುಗಿದಾಗ ಅವರ ಮೊತ್ತ 713. ರೂತ್ ಅವರಿಗಿಂತ ಒಂದು ಕಡಿಮೆ.

ಆ ವರ್ಷ ಅವರಿಗೆ ಬಂದ ಪತ್ರಗಳು ಸುಮಾರು 9,30,000 ಎಂದು ಅಂಚೆ ಇಲಾಖೆ ಲೆಕ್ಕ ಹಾಕಿತು. ಅವುಗಳಲ್ಲಿ ಪ್ರೋತ್ಸಾಹದ ಮಾತುಗಳು ಬಹಳವಿದ್ದವು. ಆದರೆ ಅವರ ವರ್ಣವನ್ನು ಹಳಿಯುವ, ಪ್ರಾಣವನ್ನು ತೆಗೆಯುವೆವೆಂದು ಬೆದರಿಸುವ ಪತ್ರಗಳೂ ಲೆಕ್ಕವಿಲ್ಲದಷ್ಟಿದ್ದವು. ಸಶಸ್ತ್ರ ಅಂಗರಕ್ಷಕರೊಬ್ಬರು ಅವರೊಡನಿರಬೇಕಾಯಿತು. ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೂ ಕಾವಲು ಬೇಕಾಯಿತು. ಅಟ್ಲಾಂಟಾದ ಪತ್ರಿಕೆಯೊಂದರಲ್ಲಿ ಅವರ ಮರಣವಾರ್ತೆಯನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಇಟ್ಟುಕೊಂಡಿದ್ದರು. ಚೆಂಡೊಂದನ್ನು ದೂರಕ್ಕೆ ಹೊಡೆದದ್ದೇ ಈ ಮನುಷ್ಯನ ಅಪರಾಧ!

ರೂತ್ ಅವರ ಸ್ಮೃತಿಯನ್ನು ಕಾಯುತ್ತಿದ್ದೇವೆಂದು ಬಗೆದವರು ಆ ಪತ್ರಗಳನ್ನು ಬರೆದರು. ಆದರೆ ಸ್ವತಃ ರೂತ್ ಅವರ ವಿಧವೆ ಕ್ಲೇರ್ ಅವರು ಈ ವರ್ಣದ್ವೇಷವನ್ನು ಬಹಿರಂಗವಾಗಿ ಖಂಡಿಸಿದರು. ತಮ್ಮ ಪತಿ ಬದುಕಿದ್ದರೆ ಆರನ್ ಅವರನ್ನು ಹುರಿದುಂಬಿಸುತ್ತಿದ್ದರೆಂದು ಹೇಳಿದರು. ನಿಜವಾದ ಬಾಧ್ಯಸ್ಥರಿಗೆ ಇಲ್ಲದ ನೋವು ಅಪರಿಚಿತರಿಗೆ ಹೇಗೆ ಬಂದಿತು? ಅವರು ಕಾಯುತ್ತಿದ್ದುದು ರೂತ್ ಅವರ ಕೀರ್ತಿಯನ್ನಲ್ಲ. ಆ ಕೀರ್ತಿಯ ನೆರಳಿನಲ್ಲಿ ತಾವು ಕಟ್ಟಿಕೊಂಡಿದ್ದ ಹಿರಿಮೆಯನ್ನು.

1974ರ ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 53,775 ಪ್ರೇಕ್ಷಕರ ಮುಂದೆ ಆರನ್ ತಮ್ಮ 715ನೆಯ ಹೋಮ್‌ರನ್ನನ್ನು ಹೊಡೆದರು. ಅವರು ನೆಲೆಗಳನ್ನು ಸುತ್ತುತ್ತಿರುವಾಗ ಇಬ್ಬರು ತರುಣರು ಬೇಲಿ ಹಾರಿ ಬಂದು ಜೊತೆಗೆ ಓಡಿ ಬೆನ್ನು ತಟ್ಟಿದರು. ಆ ಕ್ಷಣದಲ್ಲಿ ಅಂಗರಕ್ಷಕನಿಗೆ ಅವರು ಮಿತ್ರರೋ ಘಾತುಕರೋ ತಿಳಿಯಲಿಲ್ಲ. ಆತನು ಪಿಸ್ತೂಲನ್ನು ಹೊರತೆಗೆಯದೆ ಸಂಯಮ ತೋರಿದ್ದರಿಂದ ದೊಡ್ಡ ಅನಾಹುತವೊಂದು ತಪ್ಪಿತು. ಆರನ್ ಅವರ ತಾಯಿ ಓಡಿಬಂದು ಮಗನನ್ನು ಬಿಗಿದಪ್ಪಿದರು. ಹರ್ಷದ ಅತ್ಯುನ್ನತ ಗಳಿಗೆಯಲ್ಲಿಯೂ ಭಯದ ಛಾಯೆ ಹೀಗೆ ಕವಿದಿತ್ತು. ಆ ದ್ವೇಷಪತ್ರಗಳನ್ನು ಆರನ್ ಅನೇಕ ವರ್ಷ ಕಾದಿರಿಸಿಕೊಂಡರು. 1976ರಲ್ಲಿ 755ರೊಂದಿಗೆ ಆಟದಿಂದ ನಿವೃತ್ತರಾದ ಅವರು 2021ರ ಜನವರಿಯಲ್ಲಿ ನಿಧನರಾದರು.

ಮುರಿದರೂ ನೋಯಿಸದ ದಾಖಲೆಗಳು

ಹಳೆಯ ದಾಖಲೆ ಅಳಿದಾಗಲೆಲ್ಲ ಅಭಿಮಾನಿಗಳು ಕುದಿದರೆಂದು ಭಾವಿಸಬಾರದು. ಯಾಂಕೀಸ್ ತಂಡದ ಲೂ ಗೆರಿಗ್ ಅವರು 1925ರಿಂದ 1939ರವರೆಗೆ ಒಂದನ್ನೂ ತಪ್ಪಿಸದೆ ಸತತವಾಗಿ 2,130 ಪಂದ್ಯಗಳನ್ನು ಆಡಿದರು. ನರಗಳನ್ನು ಕ್ಷೀಣಿಸುವ ಅಸಾಧ್ಯ ರೋಗವೊಂದು ಅವರನ್ನು ನಿಲ್ಲಿಸಿತು. 1941ರಲ್ಲಿ, 38 ತುಂಬುವ ಮೊದಲೇ, ಅವರು ತೀರಿಕೊಂಡರು. ಅಮೆರಿಕದಲ್ಲಿ ಆ ರೋಗವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇಂಥ ಕರುಣ ಕಥೆಯೊಡನೆ ಬೆಸೆದಿದ್ದ ಸಂಖ್ಯೆಯನ್ನು ಬಾಲ್ಟಿಮೋರಿನ ಕ್ಯಾಲ್ ರಿಪ್ಕೆನ್ 1995ರ ಸೆಪ್ಟೆಂಬರ್ 6ರಂದು ದಾಟಿದರು. ಪಂದ್ಯವು ಅರ್ಧದಲ್ಲಿ 22 ನಿಮಿಷ ನಿಂತಿತು. ಚಪ್ಪಾಳೆ ನಿಲ್ಲದಿದ್ದಾಗ ರಿಪ್ಕೆನ್ ಮೈದಾನವನ್ನು ಒಂದು ಸುತ್ತು ಬಂದು ಪ್ರೇಕ್ಷಕರ ಕೈಕುಲುಕಿದರು. ಗೆರಿಗ್ ಅವರೊಡನೆ ಆಡಿದ್ದ, ಆಗ ಎಂಬತ್ತರ ವಯಸ್ಸಿನ, ಜೋ ಡಿಮ್ಯಾಜಿಯೊ ಅಲ್ಲಿ ಉಪಸ್ಥಿತರಿದ್ದು ಮಾತನಾಡಿದರು. ಹಿಂದಿನ ವರ್ಷ ಆಟಗಾರರ ಮುಷ್ಕರದಿಂದ ಅಂತಿಮ ಸರಣಿಯೇ ರದ್ದಾಗಿ ಜನ ಬೇಸತ್ತಿದ್ದರು. ದಿನವೂ ತಪ್ಪದೆ ಕೆಲಸಕ್ಕೆ ಬರುವ ಒಬ್ಬ ಸಾಮಾನ್ಯ ದುಡಿಮೆಗಾರನ ಸದ್ಗುಣವನ್ನು ಅವರು ರಿಪ್ಕೆನ್ ಅವರಲ್ಲಿ ಕಂಡರು. ಗೆರಿಗ್ ಮರೆಯಾಗಲಿಲ್ಲ, ಅವರು ಯಾರೆಂದು ಅರಿಯದಿದ್ದ ಮಕ್ಕಳೂ ಅಂದು ಅವರ ಹೆಸರನ್ನು ಕೇಳಿ ತಿಳಿದರು.

ಇನ್ನೊಂದು ಉದಾಹರಣೆ ಇದಕ್ಕಿಂತ ಸೌಮ್ಯವಾದುದು. 1920ರಲ್ಲಿ ಸೇಂಟ್ ಲೂಯಿಸ್ ನಗರದ ಜಾರ್ಜ್ ಸಿಸ್ಲರ್ ಒಂದು ಋತುವಿನಲ್ಲಿ 257 ಬಾರಿ ಚೆಂಡನ್ನು ಹೊಡೆದು ಸುರಕ್ಷಿತವಾಗಿ ನೆಲೆಯನ್ನು ಮುಟ್ಟಿದ್ದರು. 84 ವರ್ಷಗಳ ತರುವಾಯ, 2004ರ ಅಕ್ಟೋಬರ್ 1ರಂದು, ಜಪಾನಿನಿಂದ ಬಂದ ಇಚಿರೊ ಸುಜುಕಿ ಸಿಯಾಟಲ್ ನಗರದಲ್ಲಿ ಅದನ್ನು ಮೀರಿಸಿದರು. ಋತುವಿನ ಕೊನೆಗೆ ಅವರ ಮೊತ್ತ 262. ಸಿಸ್ಲರ್ ಅವರ ವೃದ್ಧ ಪುತ್ರಿಯೂ ಕುಟುಂಬದವರೂ ಪ್ರೇಕ್ಷಕರ ನಡುವೆ ಕುಳಿತಿದ್ದರು. ಇಚಿರೊ ಅವರ ಬಳಿಗೆ ಹೋಗಿ ಬಾಗಿ ಕೈಕುಲುಕಿದರು. ಐದು ವರ್ಷಗಳ ಬಳಿಕ ಸೇಂಟ್ ಲೂಯಿಸ್‌ಗೆ ಬಂದಾಗ ಪತ್ನಿಯೊಡನೆ ಸಿಸ್ಲರ್ ಅವರ ಸಮಾಧಿಯನ್ನು ಅರಸಿ ಹೋಗಿ ಹೂವಿರಿಸಿದರು. ಸಿಸ್ಲರ್ ಆಡಿದ್ದು 154 ಪಂದ್ಯಗಳ ಋತುವಿನಲ್ಲಿ, ಇಚಿರೊ ಆಡಿದ್ದು 162 ಪಂದ್ಯಗಳ ಋತುವಿನಲ್ಲಿ. ಮ್ಯಾರಿಸ್ ಅವರ ಕೊರಳಿಗೆ ಕಟ್ಟಿದ ಅದೇ ಎಂಟು ಪಂದ್ಯಗಳ ವ್ಯತ್ಯಾಸ! ಆದರೆ ಈ ಬಾರಿ ಎರಡು ಸಾಲುಗಳಲ್ಲಿ ಮುದ್ರಿಸಬೇಕೆಂಬ ಯಾವ ಆಜ್ಞೆಯೂ ಹೊರಡಲಿಲ್ಲ. ಕಾಲವು ಮಮಕಾರವನ್ನು ಸವೆಸಿತ್ತು. ವಿಜೇತನ ವಿನಯವು ಉಳಿದುದನ್ನು ಕರಗಿಸಿತು.

ನ್ಯಾಯವಾದ ದುಃಖ

ಹಾಗಾದರೆ ದಾಖಲೆ ಮುರಿದಾಗ ಉಂಟಾಗುವ ದುಃಖವೆಲ್ಲವೂ ಮೋಹವೇ? ಅಲ್ಲ. ಇದಕ್ಕೆ 1998ರಿಂದ 2007ರವರೆಗಿನ ಘಟನೆಗಳೇ ಸಾಕ್ಷಿ.

1998ರ ಬೇಸಗೆಯಲ್ಲಿ ಮಾರ್ಕ್ ಮೆಗ್ವಾಯರ್ ಮತ್ತು ಸ್ಯಾಮಿ ಸೋಸಾ ಮ್ಯಾರಿಸ್ ಅವರ 61ನ್ನು ಬೆನ್ನಟ್ಟಿದರು. ದೇಶಕ್ಕೆ ದೇಶವೇ ಹಬ್ಬದಂತೆ ಅದನ್ನು ನೋಡಿತು. ಸೆಪ್ಟೆಂಬರ್ 8ರಂದು ಮೆಗ್ವಾಯರ್ 62ನೆಯದನ್ನು ಹೊಡೆದಾಗ ಎದುರಾಳಿ ತಂಡದಲ್ಲಿದ್ದ ಸೋಸಾ ಓಡಿಬಂದು ಅಪ್ಪಿಕೊಂಡರು. ಮೆಗ್ವಾಯರ್ ಪ್ರೇಕ್ಷಕರ ಸಾಲಿಗೆ ಹೋಗಿ ಮ್ಯಾರಿಸ್ ಅವರ ಮಕ್ಕಳನ್ನು ಆಲಿಂಗಿಸಿದರು. 1961ರಲ್ಲಿ ಮ್ಯಾರಿಸ್ ಅವರಿಗೆ ಸಲ್ಲದಿದ್ದ ಗೌರವವು ಕೊನೆಗೂ ಸಂದಿತೆಂದು ಅನೇಕರು ಕಣ್ಣೀರಿಟ್ಟರು. ಮೆಗ್ವಾಯರ್ 70ರಲ್ಲಿ, ಸೋಸಾ 66ರಲ್ಲಿ ಆ ಋತುವನ್ನು ಮುಗಿಸಿದರು.

ಅದೇ ಆಗಸ್ಟಿನಲ್ಲಿ ಒಬ್ಬ ವರದಿಗಾರರು ಮೆಗ್ವಾಯರ್ ಅವರ ಕಪಾಟಿನಲ್ಲಿದ್ದ ಔಷಧವೊಂದರ ಸೀಸೆಯನ್ನು ಕಂಡು ಆ ಬಗ್ಗೆ ಬರೆದಿದ್ದರು. ಬೇಸ್‌ಬಾಲ್ ಆ ವಸ್ತುವನ್ನು ಆಗ ನಿಷೇಧಿಸಿರಲಿಲ್ಲ. ಒಲಿಂಪಿಕ್ ಕ್ರೀಡೆಗಳಲ್ಲಿ ಅದು ನಿಷಿದ್ಧವಾಗಿತ್ತು. ಜನರ ಕೋಪವು ಔಷಧದ ಮೇಲೆ ತಿರುಗಲಿಲ್ಲ, ವರದಿಗಾರರ ಮೇಲೆ ತಿರುಗಿತು. ಹಬ್ಬದ ನಡುವೆ ಕಹಿಯಾದ ಮಾತು ಯಾರಿಗೂ ಬೇಕಿರಲಿಲ್ಲ. ಕ್ರೀಡೆಯ ಆಡಳಿತಗಾರರೂ ಕಣ್ಣು ಮುಚ್ಚಿಕೊಂಡರು. ಆಟಗಾರರ ದೇಹಪರೀಕ್ಷೆ ಆರಂಭವಾದದ್ದು 2003ರಲ್ಲಿ. ಸ್ಟೆರಾಯ್ಡ್‌ಗಳನ್ನು ಬಳಸಿದ್ದೆನೆಂದು, ದಾಖಲೆಯ ಆ 1998ರಲ್ಲಿಯೂ ಬಳಸಿದ್ದೆನೆಂದು, ಮೆಗ್ವಾಯರ್ 2010ರ ಜನವರಿಯಲ್ಲಿ ಒಪ್ಪಿಕೊಂಡರು. ಅದಕ್ಕೂ ಮುನ್ನ ಮ್ಯಾರಿಸ್ ಅವರ ವಿಧವೆಗೆ ದೂರವಾಣಿಯ ಮೂಲಕ ವಿಷಯ ತಿಳಿಸಿ ಕ್ಷಮೆ ಕೋರಿದರು.

ಮೆಗ್ವಾಯರ್ ಅವರ 70 ಮೂರು ವರ್ಷವಷ್ಟೇ ನಿಂತಿತು. 2001ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಬ್ಯಾರಿ ಬಾಂಡ್ಸ್ 73 ಹೊಡೆದರು. 2007ರ ಆಗಸ್ಟ್ 7ರಂದು ಆರನ್ ಅವರ 755ನ್ನೂ ದಾಟಿದರು. ಅಷ್ಟರಲ್ಲಿ ಔಷಧ ಪೂರೈಸುತ್ತಿದ್ದ ಪ್ರಯೋಗಾಲಯವೊಂದರ ತನಿಖೆಯಲ್ಲಿ ಅವರ ಹೆಸರು ಕೇಳಿಬಂದಿತ್ತು. ತಿಳಿದೂ ತಿಳಿದು ತಾನು ನಿಷಿದ್ಧ ವಸ್ತುವನ್ನು ಸೇವಿಸಿಲ್ಲವೆಂದು ಅವರು ಪ್ರಮಾಣಪೂರ್ವಕವಾಗಿ ಹೇಳಿದ್ದರು. ನ್ಯಾಯಕ್ಕೆ ಅಡ್ಡಿ ಮಾಡಿದರೆಂದು 2011ರಲ್ಲಿ ಬಂದ ತೀರ್ಪನ್ನು 2015ರಲ್ಲಿ ಮೇಲಿನ ನ್ಯಾಯಾಲಯವು ರದ್ದುಪಡಿಸಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತಾದರೂ ಜನರ ಸಂಶಯ ಮುಗಿಯಲಿಲ್ಲ. 756ನೆಯ ಚೆಂಡನ್ನು 7,52,467 ಡಾಲರುಗಳಿಗೆ ಕೊಂಡ ಒಬ್ಬ ವಸ್ತ್ರವಿನ್ಯಾಸಕಾರರು ಅದನ್ನು ಏನು ಮಾಡಬೇಕೆಂದು ಸಾರ್ವಜನಿಕರ ಮತ ಕೇಳಿದರು. ಅತಿ ಹೆಚ್ಚು ಮತ ಬಿದ್ದ ಆಯ್ಕೆಯಂತೆ ಚೆಂಡಿನ ಮೇಲೆ ನಕ್ಷತ್ರ ಚಿಹ್ನೆಯನ್ನು ಕೊರೆಸಿ ಕೂಪರ್ಸ್‌ಟೌನ್ ಊರಿನ ಬೇಸ್‌ಬಾಲ್ ಸಂಗ್ರಹಾಲಯಕ್ಕೆ ಒಪ್ಪಿಸಲಾಯಿತು. ಮ್ಯಾರಿಸ್ ಅವರಿಗೆ ಕಾಗದದ ಮೇಲೆ ಎಂದೂ ಬೀಳದಿದ್ದ ಚಿಹ್ನೆಯು ನಲವತ್ತಾರು ವರ್ಷಗಳ ನಂತರ ಬೇರೊಬ್ಬರ ಚೆಂಡಿನ ತೊಗಲಿನ ಮೇಲೆ ಬಿದ್ದಿತು.

ಇಲ್ಲಿನ ದುಃಖವು ಮೊದಲಿನದರಂತಲ್ಲ. ಮ್ಯಾರಿಸ್ ಅವರನ್ನು ಒಪ್ಪದವರು ‘ಇವನಾರು?’ ಎಂದು ಕೇಳಿದರು. ಬಾಂಡ್ಸ್ ಅವರನ್ನು ಒಪ್ಪದವರಲ್ಲಿ ವಿವೇಕಿಗಳಾದವರು ‘ಇದು ಹೇಗೆ ಆಯಿತು?’ ಎಂದು ಕೇಳಿದರು. ಮೊದಲನೆಯದು ವ್ಯಕ್ತಿಯನ್ನು ಕುರಿತ ಪ್ರಶ್ನೆ, ಎರಡನೆಯದು ಮಾರ್ಗವನ್ನು ಕುರಿತದ್ದು. ಫಲವು ಎಷ್ಟೇ ದೊಡ್ಡದಾದರೂ ಸಾಧನವು ಶುದ್ಧವಿರಬೇಕೆಂಬ ಅಪೇಕ್ಷೆ ಮೋಹವಲ್ಲ, ನೀತಿ. ಆದರೆ ಅದೇ ಅಭಿಮಾನಿಗಳು 1998ರಲ್ಲಿ ಎಚ್ಚರಿಸಿದವರನ್ನು ಗದರಿಸಿದರೆಂಬುದನ್ನೂ ಮರೆಯಬಾರದು. ಬೇಕಾದವನ ವಿಷಯದಲ್ಲಿ ಮಾರ್ಗವನ್ನು ವಿಚಾರಿಸದೆ ಬೇಡವಾದವನ ವಿಷಯದಲ್ಲಿ ಮಾತ್ರ ವಿಚಾರಿಸುವ ನೀತಿ ಅರ್ಧ ನೀತಿಯೇ ಸರಿ.

ಈ ಪ್ರಸಂಗದಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಂತವರು ದಾಖಲೆಯನ್ನು ಕಳೆದುಕೊಂಡ ಆರನ್. ಬಾಂಡ್ಸ್ 756ನೆಯದನ್ನು ಹೊಡೆದ ಕೂಡಲೇ ಕ್ರೀಡಾಂಗಣದ ಪರದೆಯ ಮೇಲೆ ಆರನ್ ಅವರ ಮುಂಚಿತವಾಗಿ ಚಿತ್ರಿಸಿದ ಸಂದೇಶವು ಮೂಡಿತು. ಅದರಲ್ಲಿ ಆಪಾದನೆಯಿರಲಿಲ್ಲ, ವ್ಯಂಗ್ಯವಿರಲಿಲ್ಲ. ಅಭಿನಂದನೆಯಿತ್ತು, ಇನ್ನು ಮುಂದಿನ ತರುಣರೂ ತಮ್ಮ ಕನಸುಗಳನ್ನು ಬೆನ್ನಟ್ಟಲಿ ಎಂಬ ಹಾರೈಕೆಯಿತ್ತು. ಮೂವತ್ತಮೂರು ವರ್ಷ ಹಿಂದೆ ಒಂದು ಸಂಖ್ಯೆಗಾಗಿ ಪ್ರಾಣಭಯವನ್ನು ಅನುಭವಿಸಿದ್ದ ವ್ಯಕ್ತಿ, ಅದೇ ಸ್ಥಾನವು ಕೈಬಿಟ್ಟಾಗ ಅದಕ್ಕೆ ಅಂಟಿಕೊಳ್ಳಲಿಲ್ಲ.

ಪುಸ್ತಕವೇ ತಿದ್ದಲ್ಪಟ್ಟಾಗ

2022ರ ಅಕ್ಟೋಬರ್ 4ರಂದು ಯಾಂಕೀಸ್ ತಂಡದ ಆರನ್ ಜಡ್ಜ್ 62ನೆಯ ಹೋಮ್‌ರನ್ ಹೊಡೆದು ಅಮೆರಿಕನ್ ಲೀಗಿನಲ್ಲಿ ಮ್ಯಾರಿಸ್ ಅವರು ಸ್ಥಾಪಿಸಿದ್ದ, 61 ವರ್ಷ ನಿಂತಿದ್ದ ದಾಖಲೆಯನ್ನು ಮೀರಿಸಿದರು. ಕೆಲವು ದಿನ ಮೊದಲು ಅವರು 61ನ್ನು ಮುಟ್ಟಿದಾಗ ಮ್ಯಾರಿಸ್ ಅವರ ಪುತ್ರನು ಪ್ರೇಕ್ಷಕರ ಸಾಲಿನಲ್ಲಿ ಜಡ್ಜ್ ಅವರ ತಾಯಿಯನ್ನು ಅಪ್ಪಿಕೊಂಡು ಹರ್ಷಿಸಿದರು. ಇದೇ ನಿಷ್ಕಳಂಕ ದಾಖಲೆಯೆಂದು ಅವರೂ ಅನೇಕ ಅಭಿಮಾನಿಗಳೂ ಹೇಳಿದರು. ಆದರೆ ಜಡ್ಜ್ ತಾವಾಗಿ ಆ ಪಟ್ಟವನ್ನು ಬಯಸಲಿಲ್ಲ. ದಾಖಲೆಯು ಬಾಂಡ್ಸ್ ಅವರ 73 ಎಂದೇ ಅವರು ಹೇಳಿದ್ದರು.

ಎರಡು ವರ್ಷಗಳ ಬಳಿಕ, 2024ರ ಮೇ ತಿಂಗಳಲ್ಲಿ, ಬಹು ಹಳೆಯ ದಾಖಲೆಯೊಂದು ಒಂದೂ ಚೆಂಡನ್ನು ಹೊಡೆಯದೆಯೇ ಮುರಿಯಿತು. 1920ರಿಂದ 1948ರವರೆಗೆ ಕಪ್ಪು ಆಟಗಾರರು ತಮ್ಮ ಪ್ರತ್ಯೇಕ ಲೀಗುಗಳಲ್ಲಿ ಸಾಧಿಸಿದ್ದೆಲ್ಲವನ್ನೂ ಪ್ರಧಾನ ಲೀಗುಗಳ ಪುಸ್ತಕದಲ್ಲಿ ಸೇರಿಸಿಕೊಳ್ಳಲಾಯಿತು. 2,300ಕ್ಕೂ ಹೆಚ್ಚು ಆಟಗಾರರ ಹೆಸರುಗಳು ಅದರೊಳಗೆ ಬಂದವು. 1928ರಲ್ಲಿ ನಿವೃತ್ತರಾದ ಟೈ ಕಾಬ್ ಅವರು ಸಾವಿರ ಅವಕಾಶಗಳಿಗೆ 367ರಂತೆ ಯಶಸ್ವಿ ಹೊಡೆತಗಳ ಸರಾಸರಿಯೊಂದಿಗೆ ಅಲ್ಲಿಯವರೆಗೆ ಮೊದಲಿಗರಾಗಿದ್ದರು. ಈಗ ಆ ಸ್ಥಾನಕ್ಕೆ 372ರ ಸರಾಸರಿಯ ಜಾಶ್ ಗಿಬ್ಸನ್ ಬಂದರು. ಗಿಬ್ಸನ್ 1947ರ ಜನವರಿಯಲ್ಲಿಯೇ, ಕೇವಲ 35ರ ವಯಸ್ಸಿನಲ್ಲಿ, ಕಾಲವಾಗಿದ್ದರು. ಅದಾಗಿ ಮೂರು ತಿಂಗಳಿಗೆ ಜ್ಯಾಕಿ ರಾಬಿನ್ಸನ್ ಪ್ರಧಾನ ಲೀಗಿನ ವರ್ಣಬೇಲಿಯನ್ನು ದಾಟಿ ಒಳಬಂದರು.

ಆ ಲೀಗುಗಳ ಋತುಗಳು ಚಿಕ್ಕವು, ಲೆಕ್ಕಗಳು ಅಪೂರ್ಣ ಎಂದು ಆಕ್ಷೇಪಿಸಿದವರಿದ್ದಾರೆ. ಋತುಗಳು ಚಿಕ್ಕವಾದದ್ದು, ಲೆಕ್ಕಗಳು ಚದರಿಹೋದದ್ದು ಆ ಆಟಗಾರರನ್ನು ಹೊರಗಿಟ್ಟವರ ದೋಷದಿಂದಲೇ ಅಲ್ಲವೇ? ಹಳೆಯ ಪುಸ್ತಕವು ಪೂರ್ಣವೆಂಬ ನಂಬಿಕೆಯೇ ಅಪೂರ್ಣವಾಗಿತ್ತು. ಅನೇಕ ತಲೆಮಾರುಗಳು ಪವಿತ್ರವೆಂದು ಕಾಪಾಡಿದ ಪುಟಗಳಲ್ಲಿ ಬರೆಯದೆ ಬಿಟ್ಟ ಹೆಸರುಗಳಿದ್ದವು.

ಈ ನೂರು ವರ್ಷಗಳ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ದಾಖಲೆ ಮುರಿದಾಗ ಅದನ್ನು ಸ್ಥಾಪಿಸಿದವನ ಸಾಧನೆ ಮುರಿಯುವುದಿಲ್ಲ. 1927ರಲ್ಲಿ ರೂತ್ ಹೊಡೆದ ಅರವತ್ತರಲ್ಲಿ ಒಂದೂ ಕಡಿಮೆಯಾಗಿಲ್ಲ. ಗೆರಿಗ್ ಆಡಿದ ಪಂದ್ಯಗಳಲ್ಲಿ ಒಂದೂ ಅಳಿದಿಲ್ಲ. ಮುರಿಯುವುದು ‘ನನ್ನವನೇ ಕೊನೆಯವರೆಗೂ ಮೊದಲಿಗ’ ಎಂಬ ಅಭಿಮಾನಿಯ ಮಮಕಾರ ಮಾತ್ರ. ಆ ನೋವು ಎದ್ದಾಗ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೋಯಿಸುತ್ತಿರುವುದು ಮುಂದೆ ಹೋದವನ ಹೆಸರೋ, ಅವನು ಹಿಡಿದ ದಾರಿಯೋ? ದಾರಿಯಾಗಿದ್ದರೆ ಆ ನೋವು ಧರ್ಮಬುದ್ಧಿಯಿಂದ ಹುಟ್ಟಿದ್ದು. ಅದನ್ನು ಸ್ವಪಕ್ಷ ಪರಪಕ್ಷವೆನ್ನದೆ ಹೇಳಬೇಕು. ಹೆಸರಾಗಿದ್ದರೆ ಅದನ್ನು ಬಿಟ್ಟುಕೊಡುವುದೇ ಶ್ರೇಯಸ್ಕರ.

ಬಿಟ್ಟುಕೊಟ್ಟದ್ದರಿಂದ ಹಿರಿಯರ ಸ್ಮರಣೆಗೆ ಹಾನಿಯಿಲ್ಲವೆಂಬುದಕ್ಕೆ ರೋಜರ್ ಕಾನರ್ ಅವರೇ ಸಾಕ್ಷಿ. ಅರ್ಧ ಶತಮಾನ ಅವರ ಹೆಸರು ಬಹುತೇಕ ಮರೆತುಹೋಗಿತ್ತು. ಆರನ್ 714ನ್ನು ಸಮೀಪಿಸಿದಾಗ, ರೂತ್ ಅವರಿಗಿಂತ ಮೊದಲು ಈ ದಾಖಲೆ ಯಾರದಿತ್ತೆಂಬ ಕುತೂಹಲ ಹುಟ್ಟಿ, ಜನ ಹಳೆಯ ಪುಟಗಳನ್ನು ತಿರುವಿದರು. 1976ರಲ್ಲಿ ಕಾನರ್ ಅವರಿಗೆ ಕೂಪರ್ಸ್‌ಟೌನಿನ ಗಣ್ಯರ ಸಾಲಿನಲ್ಲಿ ಸ್ಥಾನ ದೊರೆಯಿತು. 2001ರಲ್ಲಿ ಅವರ ಸಮಾಧಿಗೆ ಹೆಸರು ಕೊರೆದ ಕಲ್ಲೂ ಬಂದಿತು.